ಸಕ್ಯುಲೆಂಟ್ ಗಿಡಕ್ಕೆ ಎಷ್ಟು ಬಿಸಿಲು ಬೇಕು? ಫಾರ್ವರ್ಡ್ ಸಂದೇಶಗಳು ಬಿಟ್ಟುಬಿಡುವ ವಿಷಯಗಳು

ಸಾರಾಂಶ

ಜೇಡ್, ಎಕೆವೇರಿಯಾ, ಲೋಳೆಸರ, ಸ್ನೇಕ್ ಪ್ಲಾಂಟ್ ಮುಂತಾದ ಸಕ್ಯುಲೆಂಟ್ ಗಿಡಗಳ ಬಗ್ಗೆ ವಾಟ್ಸಾಪ್ ಮತ್ತು ಫೇಸ್‌ಬುಕ್‌ನಲ್ಲಿ ಒಂದಕ್ಕೊಂದು ಹೊಂದದ ಸಲಹೆಗಳು ಹರಿದಾಡುತ್ತವೆ. "ಇವು ಮರುಭೂಮಿಯ ಗಿಡಗಳು, ಸುಡುಬಿಸಿಲಿನಲ್ಲೇ ಇಡಿ" ಎನ್ನುವುದು ಒಂದು. "ಇವಕ್ಕೆ ಬಿಸಿಲೇ ಬೇಡ, ಮನೆಯ ಟ್ಯೂಬ್‌ಲೈಟ್ ಸಾಕು" ಎನ್ನುವುದು ಇನ್ನೊಂದು. "ರಾತ್ರಿ ಆಮ್ಲಜನಕ ಕೊಡುತ್ತವೆ, ಮಲಗುವ ಕೋಣೆಯ ಮೂಲೆಯಲ್ಲಿಡಿ" ಎನ್ನುವುದು ಮೂರನೆಯದು. ನಾವು ಈ ಮೂರನ್ನೂ ಒಟ್ಟಿಗೆ ಪರಿಶೀಲಿಸಿದ್ದೇವೆ. ಮೊದಲನೆಯದು ಅರ್ಧ ಸತ್ಯ, ಎರಡನೆಯದು ದಾರಿ ತಪ್ಪಿಸುವಂಥದ್ದು, ಮೂರನೆಯದು ವಿಜ್ಞಾನವನ್ನು ತಲೆಕೆಳಗು ಮಾಡಿದ ಮಾತು. ಬಿಸಿಲಿನ ಪ್ರಮಾಣವನ್ನು ಮನೆಯಲ್ಲೇ ಅಳೆಯುವುದು ಹೇಗೆ, ಕರ್ನಾಟಕದ ಮನೆಗಳಿಗೆ ಯಾವ ಕಿಟಕಿ ಸೂಕ್ತ ಎಂಬುದನ್ನು ಇಲ್ಲಿ ವಿವರಿಸುತ್ತೇವೆ.

ಈ ವಿಷಯ ಯಾಕೆ ಮುಖ್ಯ?

ಒಂದು ಪುಟ್ಟ ಕುಂಡದ ಗಿಡಕ್ಕೆ ಇಷ್ಟೊಂದು ವಿಚಾರಣೆ ಬೇಕೇ ಎಂದು ಅನಿಸಬಹುದು. ಎರಡು ಕಾರಣಗಳಿಗೆ ಬೇಕು. ಮೊದಲನೆಯದು, "ಸಾಯದ ಗಿಡ" ಎಂಬ ಹೆಸರಿನಲ್ಲಿ ಇವನ್ನು ಉಡುಗೊರೆಯಾಗಿ ಕೊಡುವುದು ಈಗ ಸಾಮಾನ್ಯ. ಅಂಥ ಗಿಡ ಕೆಲವೇ ತಿಂಗಳಲ್ಲಿ ಕೊಳೆತುಹೋದರೆ "ನಮ್ಮ ಕೈಗುಣ ಸರಿಯಿಲ್ಲ", "ಈ ಗಿಡ ಮನೆಗೆ ಆಗಿಬರಲಿಲ್ಲ" ಎಂದು ಬೇಸರ ಪಡುವವರಿದ್ದಾರೆ. ಹೆಚ್ಚಿನ ಸಂದರ್ಭಗಳಲ್ಲಿ ಕೈಗುಣಕ್ಕೂ ಅದಕ್ಕೂ ಸಂಬಂಧವಿಲ್ಲ, ಗಿಡ ಇಟ್ಟ ಜಾಗದಲ್ಲಿ ಬೆಳಕು ಸಾಲದೇ ಹೋಗಿರುತ್ತದೆ. ಎರಡನೆಯ ಕಾರಣ ಇನ್ನೂ ಗಂಭೀರ. ಗಿಡ ಗಾಳಿಯನ್ನು ಶುದ್ಧ ಮಾಡುತ್ತದೆ ಎಂದು ನಂಬಿ ಕಿಟಕಿ ಮುಚ್ಚಿ ಮಲಗಿದರೆ, ಉಬ್ಬಸದಂಥ ತೊಂದರೆ ಇರುವವರಿಗೆ ಅದರಿಂದ ನಷ್ಟವೇ ಹೊರತು ಲಾಭವಿಲ್ಲ.

ಹೇಳಿಕೆ 1: "ಸಕ್ಯುಲೆಂಟ್ ಎಂದರೆ ಮರುಭೂಮಿ ಗಿಡ, ನೇರ ಬಿಸಿಲಿನಲ್ಲೇ ಇಡಬೇಕು"

ಸಕ್ಯುಲೆಂಟ್ ಎನ್ನುವುದು ಒಂದು ಜಾತಿಯ ಹೆಸರಲ್ಲ. ಎಲೆ, ಕಾಂಡ ಅಥವಾ ಬೇರಿನಲ್ಲಿ ನೀರು ಕೂಡಿಟ್ಟುಕೊಳ್ಳುವ ಎಲ್ಲ ಗಿಡಗಳಿಗೂ ಸೇರಿಸಿ ಕರೆಯುವ ಹೆಸರು. ಇವುಗಳಲ್ಲಿ ಬೇರೆ ಬೇರೆ ಕುಟುಂಬದ, ಬೇರೆ ಬೇರೆ ಊರಿನ ಗಿಡಗಳಿವೆ. ಎಕೆವೇರಿಯಾದ ಹೆಚ್ಚಿನ ಬಗೆಗಳ ತವರು ಮೆಕ್ಸಿಕೋದ ಒಣ ಬೆಟ್ಟಸೀಮೆ. ಅಲ್ಲಿ ಬಿಸಿಲು ಧಾರಾಳ. ಜೇಡ್ ಗಿಡ ದಕ್ಷಿಣ ಆಫ್ರಿಕಾದ ಪೂರ್ವ ಭಾಗದ್ದು. ಅದೇ ದಕ್ಷಿಣ ಆಫ್ರಿಕಾದ ಹಾವೋರ್ಥಿಯಾ ಕಾಡಿನಲ್ಲಿ ಬೆಳೆಯುವುದು ಹೆಚ್ಚಾಗಿ ಪೊದೆಗಳ ಬುಡದಲ್ಲಿ, ಬಂಡೆಗಳ ನೆರಳಿನಲ್ಲಿ. ಸ್ನೇಕ್ ಪ್ಲಾಂಟ್ ಪಶ್ಚಿಮ ಆಫ್ರಿಕಾದ ಉಷ್ಣವಲಯದ್ದು. ಕ್ರಿಸ್‌ಮಸ್ ಕ್ಯಾಕ್ಟಸ್ ಅಂತೂ ಬ್ರೆಜಿಲ್‌ನ ತೇವಭರಿತ ಕಾಡುಗಳಲ್ಲಿ ಮರದ ಕೊಂಬೆಗಳ ಮೇಲೆ ಬೆಳೆಯುವ ಗಿಡ.

ಹಾಗಾಗಿ ಇವೆಲ್ಲಕ್ಕೂ ಒಂದೇ ಬಿಸಿಲಿನ ನಿಯಮ ಹಾಕಿದರೆ ಕೆಲವು ಬದುಕುತ್ತವೆ, ಕೆಲವು ಸುಡುತ್ತವೆ. ಮನೆಯಲ್ಲಿ ಸಾಮಾನ್ಯವಾಗಿ ಕಾಣುವ ಗಿಡಗಳನ್ನು ಹೀಗೆ ಗುಂಪು ಮಾಡಿಕೊಳ್ಳಬಹುದು:

• ಎಕೆವೇರಿಯಾ, ಸೆಡಮ್, ಹೆಚ್ಚಿನ ಮುಳ್ಳಿನ ಕ್ಯಾಕ್ಟಸ್‌ಗಳು: ದಿನಕ್ಕೆ 4ರಿಂದ 6 ಗಂಟೆ ನೇರ ಬಿಸಿಲು. ಬೆಳಗಿನ ಬಿಸಿಲಾದರೆ ಉತ್ತಮ.
• ಜೇಡ್, ಲೋಳೆಸರ, ಕಲಾಂಚೋ: 3ರಿಂದ 4 ಗಂಟೆ ಎಳೆಬಿಸಿಲು, ಉಳಿದ ಹೊತ್ತು ಒಳ್ಳೆಯ ಬೆಳಕು.
• ಹಾವೋರ್ಥಿಯಾ, ಗ್ಯಾಸ್ಟೀರಿಯಾ, ಕ್ರಿಸ್‌ಮಸ್ ಕ್ಯಾಕ್ಟಸ್: ಬೆಳಕಿರುವ ನೆರಳು. ಮಧ್ಯಾಹ್ನದ ನೇರ ಬಿಸಿಲು ಬೇಡ.
• ಸ್ನೇಕ್ ಪ್ಲಾಂಟ್: ಕಡಿಮೆ ಬೆಳಕನ್ನು ಸಹಿಸುತ್ತದೆ, ಒಳ್ಳೆಯ ಬೆಳಕಿನಲ್ಲಿ ಚೆನ್ನಾಗಿ ಬೆಳೆಯುತ್ತದೆ.

ಗಂಟೆಗಳ ಲೆಕ್ಕವನ್ನು ಕಣ್ಣು ಮುಚ್ಚಿ ಪಾಲಿಸಬೇಡಿ. "6 ಗಂಟೆ ಬಿಸಿಲು" ಎನ್ನುವ ಸಲಹೆಯು, ಉರಿ ಎಷ್ಟಿರಬೇಕೆಂದು ಹೇಳದೆ "20 ನಿಮಿಷ ಬೇಯಿಸಿ" ಎಂದಷ್ಟೇ ಹೇಳುವ ಅಡುಗೆ ವಿಡಿಯೋ ಇದ್ದ ಹಾಗೆ. ಏಪ್ರಿಲ್‌ನಲ್ಲಿ ಕಲಬುರಗಿಯ ತಾರಸಿಯ ಮೇಲಿನ 6 ಗಂಟೆಯೂ, ಡಿಸೆಂಬರ್‌ನಲ್ಲಿ ಮಡಿಕೇರಿಯ ಅಂಗಳದ 6 ಗಂಟೆಯೂ ಗಿಡದ ಪಾಲಿಗೆ ಒಂದೇ ಅಲ್ಲ. ಉತ್ತರ ಕರ್ನಾಟಕದ ಬೇಸಿಗೆಯಲ್ಲಿ ಬಿಸಿಲು ಬೇಡುವ ಎಕೆವೇರಿಯಾಗೂ ಮಧ್ಯಾಹ್ನದ ಹೊತ್ತು ನೆರಳಿನ ಬಲೆ ಬೇಕಾಗುತ್ತದೆ.

ಹೇಳಿಕೆ 2: "ಮನೆಯೊಳಗಿನ ಬೆಳಕು, ಟ್ಯೂಬ್‌ಲೈಟ್ ಸಾಕು"

ಈ ಸಂದೇಶವನ್ನು ನಂಬುವುದಕ್ಕೆ ನಮ್ಮ ಕಣ್ಣೇ ಕಾರಣ. ಬೆಳಕು ಹೆಚ್ಚಾದರೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಕಡಿಮೆಯಾದರೆ ಹಿಗ್ಗುತ್ತದೆ. ಒಳಗಿನ ಅಕ್ಷಿಪಟಲವೂ ಹೊಂದಿಕೊಳ್ಳುತ್ತದೆ. ಆದ್ದರಿಂದ ಅಂಗಳದಿಂದ ಹಾಲ್‌ಗೆ ಬಂದಾಗ ನಮಗೆ "ಸ್ವಲ್ಪ ಮಬ್ಬು" ಎನಿಸುತ್ತದೆ ಅಷ್ಟೇ. ಅಳತೆ ಮಾಡಿದರೆ ವ್ಯತ್ಯಾಸ ನೂರಾರು ಪಟ್ಟು.

ಬೆಳಕನ್ನು ಅಳೆಯುವ ಮಾನ ಲಕ್ಸ್. ಮೋಡವಿಲ್ಲದ ಮಧ್ಯಾಹ್ನದ ಬಿಸಿಲು ಸುಮಾರು 1 ಲಕ್ಷ ಲಕ್ಸ್ ಇರುತ್ತದೆ. ಹೊರಗಡೆ ಮರದ ಅಥವಾ ಕಟ್ಟಡದ ತೆಳು ನೆರಳಿನಲ್ಲೂ 10,000 ಲಕ್ಸ್‌ನ ಆಸುಪಾಸು ಸಿಗುತ್ತದೆ. ನೇರ ಬಿಸಿಲು ಬೀಳದ ಕಿಟಕಿಯ ಪಕ್ಕದಲ್ಲಿ ಕೆಲವು ಸಾವಿರ. ಅದೇ ಕೋಣೆಯ ನಡುವಿನ ಟೀಪಾಯಿಯ ಮೇಲೆ ಕೆಲವು ನೂರು. ಟ್ಯೂಬ್‌ಲೈಟ್ ಹಾಕಿದ ಹಾಲ್‌ನಲ್ಲಿ ರಾತ್ರಿ 100ರಿಂದ 300 ಲಕ್ಸ್. ಪುಸ್ತಕ ಓದಲು ಇಷ್ಟು ಸಾಕು. ಬಿಸಿಲಿನಲ್ಲಿ ಬೆಳೆದ ಗಿಡ ತನ್ನ ಆಹಾರ ತಯಾರಿಸಲು ಸಾಕಾಗುವುದಿಲ್ಲ.

ಹಾಗಾದರೆ "ನಮ್ಮ ಮನೆಯಲ್ಲಿ ಟಿವಿ ಪಕ್ಕವೇ 4 ತಿಂಗಳಿಂದ ಚೆನ್ನಾಗಿದೆ" ಎಂದು ಫೋಟೋ ಹಾಕುವವರು ಸುಳ್ಳು ಹೇಳುತ್ತಿದ್ದಾರೆಯೇ? ಇಲ್ಲ. ಸಕ್ಯುಲೆಂಟ್‌ಗಳು ಎಲೆಯಲ್ಲಿ ನೀರನ್ನೂ ಆಹಾರವನ್ನೂ ಕೂಡಿಟ್ಟುಕೊಂಡಿರುತ್ತವೆ. ಉಳಿತಾಯದ ಹಣದಲ್ಲಿ ಕೆಲವು ತಿಂಗಳು ಸಂಸಾರ ನಡೆದ ಹಾಗೆ ಅವು ಕೆಲಕಾಲ ನಿಭಾಯಿಸುತ್ತವೆ. ತುಳಸಿಯೋ ಟೊಮೆಟೊ ಸಸಿಯೋ ಆಗಿದ್ದರೆ ಕೆಲವೇ ವಾರಗಳಲ್ಲಿ ಸೊರಗಿ ನಮ್ಮನ್ನು ಎಚ್ಚರಿಸುತ್ತಿತ್ತು. ಸಕ್ಯುಲೆಂಟ್ ನಿಧಾನವಾಗಿ ಸೋಲುತ್ತದೆ. ಅದು ಸೋಲುವಷ್ಟರಲ್ಲಿ ಫೋಟೋ ನೂರು ಗುಂಪುಗಳಿಗೆ ಹೋಗಿರುತ್ತದೆ, ಗಿಡ ಸತ್ತ ಸುದ್ದಿಯನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ಕೃತಕ ಬೆಳಕು ಕೆಲಸವನ್ನೇ ಮಾಡುವುದಿಲ್ಲ ಎಂದೇನಲ್ಲ. ದೂರ ಮತ್ತು ಅವಧಿ ಮುಖ್ಯ. ಚಾವಣಿಯ ದೀಪದಿಂದ ಪ್ರಯೋಜನ ಕಡಿಮೆ. ಬಿಳಿ ಎಲ್‌ಇಡಿ ದೀಪವನ್ನು ಗಿಡದಿಂದ 15ರಿಂದ 30 ಸೆಂಟಿಮೀಟರ್ ಎತ್ತರದಲ್ಲಿ ಇಟ್ಟು ದಿನಕ್ಕೆ ಸುಮಾರು 12 ಗಂಟೆ ಉರಿಸಿದರೆ ಚಿಕ್ಕ ಗಿಡಗಳು ಚೆನ್ನಾಗಿ ಬೆಳೆಯುತ್ತವೆ. ನೇರಳೆ ಬಣ್ಣದ ದುಬಾರಿ ದೀಪವೇ ಆಗಬೇಕೆಂದಿಲ್ಲ. 10 ವ್ಯಾಟ್ ದೀಪವನ್ನು ದಿನಕ್ಕೆ 12 ಗಂಟೆ ಉರಿಸಿದರೆ ತಿಂಗಳಿಗೆ 4 ಯೂನಿಟ್‌ಗಿಂತ ಕಡಿಮೆ ವಿದ್ಯುತ್ ಬೇಕು.

ಬೆಳಕು ಕಡಿಮೆಯಾದರೆ ಗಿಡ ಕೊಳೆಯುವುದೇಕೆ?

ಮನೆಯೊಳಗಿನ ಸಕ್ಯುಲೆಂಟ್‌ಗಳು ಸಾಯುವುದು ಹೆಚ್ಚಾಗಿ ಬೇರು ಕೊಳೆತು. ಹಾಗಾಗಿ ಎಲ್ಲರೂ ನೀರನ್ನು ದೂರುತ್ತಾರೆ. ಆದರೆ ನೀರು ಹೆಚ್ಚಾಯಿತೇ ಎಂಬುದನ್ನು ತೀರ್ಮಾನಿಸುವುದು ಬೆಳಕು. ಬಿಸಿಲಿನಲ್ಲಿರುವ ಗಿಡ ನೀರನ್ನು ಬೇಗ ಬಳಸುತ್ತದೆ, ಕುಂಡದ ಮಣ್ಣೂ ಬೇಗ ಒಣಗುತ್ತದೆ. ಅದೇ ಗಿಡವನ್ನು ಮಬ್ಬು ಮೂಲೆಗೆ ತಂದಿಟ್ಟು "ವಾರಕ್ಕೊಮ್ಮೆ ಒಂದು ಲೋಟ" ಎಂಬ ಹಳೆಯ ಲೆಕ್ಕವನ್ನೇ ಮುಂದುವರಿಸಿದರೆ ಮಣ್ಣು ಒಣಗುವುದೇ ಇಲ್ಲ. ಬೇರಿಗೆ ಗಾಳಿ ಸಿಗದೆ ಶಿಲೀಂಧ್ರ ಸೇರಿಕೊಳ್ಳುತ್ತದೆ.

ಬೆಳಕು ಕಡಿಮೆ ಇರುವಲ್ಲಿ ನೀರಿನ ಅಂತರ ಹೆಚ್ಚಿಸಬೇಕು. ವಾರ ಎಣಿಸುವ ಬದಲು ಒಂದು ಕಡ್ಡಿಯನ್ನು ಕುಂಡದ ತಳದವರೆಗೆ ಚುಚ್ಚಿ ನೋಡಿ. ಕಡ್ಡಿಗೆ ತೇವದ ಮಣ್ಣು ಅಂಟಿದ್ದರೆ ಆ ದಿನ ನೀರು ಬೇಡ.

ಹೇಳಿಕೆ 3: "ರಾತ್ರಿ ಆಮ್ಲಜನಕ ಕೊಡುವ ಗಿಡ, ಬಿಸಿಲು ಬೇಕಿಲ್ಲ"

ಈ ಸಂದೇಶದ ಹಿಂದೆ ಒಂದು ನಿಜವಾದ ವಿಜ್ಞಾನವಿದೆ, ಮತ್ತು ಅದರ ಚರಿತ್ರೆಯಲ್ಲಿ ಭಾರತಕ್ಕೂ ಪಾಲಿದೆ. ಟಿಪ್ಪು ಸುಲ್ತಾನನ ನಂತರದ ವರ್ಷಗಳಲ್ಲಿ ಬೆಂಗಳೂರಿನ ಲಾಲ್‌ಬಾಗ್‌ನ ಉಸ್ತುವಾರಿಯನ್ನೂ ಕೆಲಕಾಲ ನೋಡಿಕೊಂಡಿದ್ದ ಸಸ್ಯಶಾಸ್ತ್ರಜ್ಞ ಬೆಂಜಮಿನ್ ಹೇನ್ ಒಂದು ವಿಚಿತ್ರವನ್ನು ಗಮನಿಸಿದ್ದ. ಎಲೆಯಂಚಿನಲ್ಲೇ ಮರಿಗಿಡ ಹುಟ್ಟಿಸುವ ಕಾಡುಬಸಳೆಯ ಎಲೆ ಬೆಳಗ್ಗೆ ಹುಳಿ, ಮಧ್ಯಾಹ್ನ ಸಪ್ಪೆ, ಸಂಜೆಗೆ ಕಹಿ. ಅವನ ಈ ವರದಿ 1815ರಲ್ಲಿ ಲಂಡನ್‌ನ ಲಿನಿಯನ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. (ನೀವು ಇದನ್ನು ರುಚಿ ನೋಡಿ ಪರೀಕ್ಷಿಸಬೇಡಿ. ಈ ಗಿಡದಲ್ಲಿ ಹೃದಯದ ಮೇಲೆ ಪರಿಣಾಮ ಬೀರುವ ವಿಷಕಾರಿ ಅಂಶಗಳಿವೆ.)

ಈ ಹುಳಿಯ ಕಾರಣ ಈಗ ನಮಗೆ ಗೊತ್ತಿದೆ. ಸಾಮಾನ್ಯ ಗಿಡಗಳು ಎಲೆಯ ಸಣ್ಣ ರಂಧ್ರಗಳನ್ನು ಹಗಲಿನಲ್ಲಿ ತೆರೆದು ಇಂಗಾಲದ ಡೈಆಕ್ಸೈಡ್ ಒಳಗೆಳೆದುಕೊಳ್ಳುತ್ತವೆ. ಒಣ ಸೀಮೆಯಲ್ಲಿ ಹಗಲು ರಂಧ್ರ ತೆರೆದರೆ ಇದ್ದ ನೀರೆಲ್ಲ ಆವಿಯಾಗಿ ಹೋಗುತ್ತದೆ. ಅದಕ್ಕೆ ಅನೇಕ ಸಕ್ಯುಲೆಂಟ್‌ಗಳು ರಾತ್ರಿ ತಂಪಿನಲ್ಲಿ ರಂಧ್ರ ತೆರೆದು ಇಂಗಾಲದ ಡೈಆಕ್ಸೈಡನ್ನು ಮ್ಯಾಲಿಕ್ ಆಮ್ಲದ ರೂಪದಲ್ಲಿ ಕೂಡಿಡುತ್ತವೆ. ಬೆಳಗಿನ ಹುಳಿ ಇದರದ್ದೇ. ಹಗಲಾದ ಮೇಲೆ ರಂಧ್ರ ಮುಚ್ಚಿಕೊಂಡು, ಸೂರ್ಯನ ಬೆಳಕು ಬಳಸಿ ಆ ದಾಸ್ತಾನಿನಿಂದ ಸಕ್ಕರೆ ತಯಾರಿಸುತ್ತವೆ. ಜೇಡ್ ಗಿಡದ ಕುಟುಂಬದ ಹೆಸರಿನಿಂದಲೇ ಇದಕ್ಕೆ ಕ್ರಾಸುಲೇಸಿಯನ್ ಆಸಿಡ್ ಮೆಟಬಾಲಿಸಮ್, ಚಿಕ್ಕದಾಗಿ ಕ್ಯಾಮ್, ಎಂಬ ಹೆಸರು ಬಂದಿದೆ.

ಫಾರ್ವರ್ಡ್ ಸಂದೇಶ ತಪ್ಪುವುದು ಇಲ್ಲಿಯೇ. ಆಮ್ಲಜನಕ ಹುಟ್ಟುವುದು ಬೆಳಕಿನ ಶಕ್ತಿಯಿಂದ ನೀರಿನ ಅಣು ಒಡೆದಾಗ. ಬೆಳಕಿಲ್ಲದೆ ಆ ಕೆಲಸ ನಡೆಯುವುದಿಲ್ಲ, ಕ್ಯಾಮ್ ಗಿಡದಲ್ಲೂ ಇಲ್ಲ. ರಾತ್ರಿ ಅವು ಮಾಡುವುದು ಸ್ವಲ್ಪ ಇಂಗಾಲದ ಡೈಆಕ್ಸೈಡ್ ಹೀರಿಕೊಳ್ಳುವುದು ಮಾತ್ರ. ಆ ದಾಸ್ತಾನನ್ನು ಬಳಸಲೂ ಮರುದಿನ ಬೆಳಕು ಬೇಕೇಬೇಕು.

ಇನ್ನು ಮಲಗುವ ಕೋಣೆಯಲ್ಲಿ ಆಮ್ಲಜನಕದ ಕೊರತೆ ಆಗುತ್ತದೆಯೇ? ಲೆಕ್ಕ ಹಾಕಿ ನೋಡೋಣ. ವಿಶ್ರಾಂತಿಯಲ್ಲಿರುವ ವಯಸ್ಕರಿಗೆ ನಿಮಿಷಕ್ಕೆ ಸುಮಾರು 250 ಮಿಲಿಲೀಟರ್ ಆಮ್ಲಜನಕ ಬೇಕು. 8 ಗಂಟೆಗೆ ಸುಮಾರು 120 ಲೀಟರ್. 10 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರದ ಕೋಣೆಯಲ್ಲಿ ಸುಮಾರು 34,000 ಲೀಟರ್ ಗಾಳಿ ಇರುತ್ತದೆ. ಅದರ ಶೇ. 21ರಷ್ಟು, ಅಂದರೆ 7,000 ಲೀಟರ್‌ಗೂ ಹೆಚ್ಚು, ಆಮ್ಲಜನಕ. ಬಾಗಿಲ ಸಂದಿಯಿಂದ ಬರುವ ಗಾಳಿಯನ್ನು ಲೆಕ್ಕಕ್ಕೆ ಸೇರಿಸದಿದ್ದರೂ ಕೊರತೆಯ ಪ್ರಶ್ನೆ ಬರುವುದಿಲ್ಲ.

"ನಾಸಾ ಹೇಳಿದೆ" ಎಂಬ ಮಾತೂ ಈ ಸಂದೇಶಗಳ ಜೊತೆ ಬರುತ್ತದೆ. 1989ರಲ್ಲಿ ನಾಸಾ ಪ್ರಕಟಿಸಿದ ಅಧ್ಯಯನ ನಿಜ. ಆದರೆ ಅದು ನಡೆದದ್ದು ಗಾಳಿಯಾಡದ ಮುಚ್ಚಿದ ಪೆಟ್ಟಿಗೆಗಳಲ್ಲಿ, ಬೆಂಜೀನ್‌ನಂಥ ಕೆಲವು ರಾಸಾಯನಿಕಗಳ ಮೇಲೆ. ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಬ್ರಯಾನ್ ಕಮಿಂಗ್ಸ್ ಮತ್ತು ಮೈಕೆಲ್ ವೇರಿಂಗ್ ಇಂಥ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2019ರಲ್ಲಿ ವಿಶ್ಲೇಷಿಸಿದರು. ಕಟ್ಟಡದೊಳಗೆ ಸಾಮಾನ್ಯವಾಗಿ ನಡೆಯುವ ಗಾಳಿಯ ಸಂಚಾರಕ್ಕೆ ಸಮನಾಗಿ ಈ ರಾಸಾಯನಿಕಗಳನ್ನು ತೆಗೆಯಬೇಕಾದರೆ ಪ್ರತಿ ಚದರ ಮೀಟರ್ ನೆಲಕ್ಕೆ 10ರಿಂದ 1,000 ಗಿಡಗಳು ಬೇಕಾಗುತ್ತವೆ ಎಂಬುದು ಅವರು ಕಂಡುಕೊಂಡ ವಿಷಯ. ಕಿಟಕಿ ತೆರೆಯುವುದು ಅದಕ್ಕಿಂತ ಸುಲಭ.

ಯಾವ ಕಿಟಕಿ? ದಿಕ್ಕಿನ ಸಲಹೆ ಎಲ್ಲಿಂದ ಬಂತು ನೋಡಿ

"ಸಕ್ಯುಲೆಂಟ್ ಅನ್ನು ದಕ್ಷಿಣದ ಕಿಟಕಿಯಲ್ಲಿಡಿ" ಎಂಬ ಸಲಹೆ ಅಂತರ್ಜಾಲದಲ್ಲಿ ಎಲ್ಲೆಡೆ ಸಿಗುತ್ತದೆ. ಇದು ಯುರೋಪ್ ಮತ್ತು ಉತ್ತರ ಅಮೆರಿಕದ ಮನೆಗಳಿಗೆ ಬರೆದದ್ದು. ಲಂಡನ್‌ನಂಥ ಊರಿನಲ್ಲಿ ವರ್ಷದ ಎಲ್ಲ ದಿನವೂ ಮಧ್ಯಾಹ್ನದ ಸೂರ್ಯ ದಕ್ಷಿಣದಲ್ಲೇ ಇರುತ್ತಾನೆ, ಚಳಿಗಾಲದಲ್ಲಿ ತುಂಬ ಕೆಳಗಿರುತ್ತಾನೆ. ದಕ್ಷಿಣದ ಕಿಟಕಿಯಿಂದ ಬಿಸಿಲು ಕೋಣೆಯೊಳಕ್ಕೆ ಉದ್ದಕ್ಕೆ ಬೀಳುತ್ತದೆ.

ಕರ್ನಾಟಕದ ಲೆಕ್ಕ ಬೇರೆ. ನಮ್ಮಲ್ಲಿ ಸೂರ್ಯ ವರ್ಷಕ್ಕೆರಡು ಬಾರಿ ನಡುನೆತ್ತಿಯ ಮೇಲೆ ಬರುತ್ತಾನೆ. "ಶೂನ್ಯ ನೆರಳಿನ ದಿನ" ಎಂದು ಪತ್ರಿಕೆಗಳಲ್ಲಿ ಓದಿರುತ್ತೀರಿ. ಬೆಂಗಳೂರಿನಲ್ಲಿ ಅದು ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ. ಈ ಎರಡು ದಿನಗಳ ನಡುವೆ ಮಧ್ಯಾಹ್ನದ ಸೂರ್ಯ ನಮ್ಮ ಉತ್ತರಕ್ಕಿರುತ್ತಾನೆ. ಜೂನ್‌ನಲ್ಲಂತೂ ಹುಟ್ಟುವಾಗಲೂ ಮುಳುಗುವಾಗಲೂ ಉತ್ತರದ ಕಡೆಗೇ. ಆಗ ದಕ್ಷಿಣದ ಕಿಟಕಿಗೆ ನೇರ ಬಿಸಿಲು ಬೀಳುವುದೇ ಇಲ್ಲ. ಜೊತೆಗೆ ಸೂರ್ಯ ತಲೆಯ ಮೇಲಿರುವಾಗ ಕಿಟಕಿಯ ಮೇಲಿನ ಸಜ್ಜಾ ಬಿಸಿಲನ್ನು ಹೊರಗೇ ತಡೆಯುತ್ತದೆ. ಹೀಗಾಗಿ ನಮ್ಮ ಮನೆಗಳಿಗೆ ದಿಕ್ಕಿನ ಲೆಕ್ಕ ಹೀಗಿದೆ:

• ಪೂರ್ವ: ವರ್ಷವಿಡೀ ಬೆಳಗಿನ ಎಳೆಬಿಸಿಲು. ಹೆಚ್ಚಿನ ಸಕ್ಯುಲೆಂಟ್‌ಗಳಿಗೆ ಇದೇ ಸುರಕ್ಷಿತ.
• ಪಶ್ಚಿಮ: ಬೆಳಕು ಸಾಕಷ್ಟು. ಆದರೆ ಮಾರ್ಚ್‌ನಿಂದ ಮೇವರೆಗೆ ಗೋಡೆಯೂ ಗ್ರಿಲ್ಲೂ ಕಾದಿರುತ್ತವೆ. ತೆಳು ಪರದೆ ಬೇಕು.
• ದಕ್ಷಿಣ: ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಒಳ್ಳೆಯ ಬಿಸಿಲು. ಮಳೆಗಾಲದ ಆರಂಭದಲ್ಲಿ ಬರೀ ಬೆಳಕು.
• ಉತ್ತರ: ಮೇ–ಜುಲೈನಲ್ಲಿ ಬೆಳಗ್ಗೆ, ಸಂಜೆ ಸ್ವಲ್ಪ ಬಿಸಿಲು. ಉಳಿದ ಕಾಲದಲ್ಲಿ ಹಾವೋರ್ಥಿಯಾ, ಸ್ನೇಕ್ ಪ್ಲಾಂಟ್‌ಗಳಿಗೆ ಮಾತ್ರ ಸೂಕ್ತ.

ಇವೆಲ್ಲವೂ ಎದುರಿಗೆ ತೆರೆದ ಜಾಗ ಇದ್ದರೆ ಮಾತ್ರ. ನಾಲ್ಕು ಅಡಿ ದೂರದಲ್ಲಿ ಪಕ್ಕದ ಕಟ್ಟಡದ ಗೋಡೆ ಇದ್ದರೆ ಯಾವ ದಿಕ್ಕೂ ಉಪಯೋಗಕ್ಕೆ ಬಾರದು. ಕರಾವಳಿ ಮತ್ತು ಮಲೆನಾಡಿನಲ್ಲಿ ಮಳೆಗಾಲದಲ್ಲಿ ವಾರಗಟ್ಟಲೆ ಮೋಡ ಇರುತ್ತದೆ. ಅಲ್ಲಿ ಆ ತಿಂಗಳುಗಳಲ್ಲಿ ಗಿಡವನ್ನು ಮಳೆ ತಾಗದ, ಅತಿ ಹೆಚ್ಚು ಬೆಳಕಿರುವ ಜಾಗಕ್ಕೆ ತಂದು ನೀರನ್ನು ಬಹುಪಾಲು ನಿಲ್ಲಿಸುವುದು ಒಳ್ಳೆಯದು.

ಮನೆಯಲ್ಲೇ ಬೆಳಕು ಅಳೆಯುವುದು ಹೇಗೆ?

1. ಆಕಾಶ ಪರೀಕ್ಷೆ: ಕುಂಡ ಇಡುವ ಜಾಗಕ್ಕೆ ನಿಮ್ಮ ಕಣ್ಣನ್ನು ತಂದು ಹೊರಗೆ ನೋಡಿ. ಅಲ್ಲಿಂದ ಆಕಾಶ ಕಾಣದಿದ್ದರೆ ಬಿಸಿಲು ಬೇಡುವ ಗಿಡ ಅಲ್ಲಿ ಬಾಳುವುದಿಲ್ಲ.

2. ನೆರಳಿನ ಪರೀಕ್ಷೆ: ಬೆಳಗ್ಗೆ 10ರಿಂದ 11ರ ಹೊತ್ತಿಗೆ ಆ ಜಾಗದಲ್ಲಿ ಬಿಳಿ ಹಾಳೆ ಇಟ್ಟು, ಒಂದು ಅಡಿ ಮೇಲೆ ಕೈ ಹಿಡಿಯಿರಿ. ಬೆರಳುಗಳ ಅಂಚು ಸ್ಪಷ್ಟವಾಗಿ ಕಂಡರೆ ಬಲವಾದ ಬೆಳಕು. ಕೈಯ ಆಕಾರ ಮಸುಕಾಗಿ ಕಂಡರೆ ಮಧ್ಯಮ. ನೆರಳೇ ಗೊತ್ತಾಗದಿದ್ದರೆ ಆ ಜಾಗ ಗಿಡಕ್ಕೆ ಕತ್ತಲೆಯೇ.

3. ಫೋನ್: ಹೆಚ್ಚಿನ ಆಂಡ್ರಾಯ್ಡ್ ಫೋನ್‌ಗಳಲ್ಲಿ ಪರದೆಯ ಮೇಲ್ಭಾಗದಲ್ಲಿ ಬೆಳಕು ಗ್ರಹಿಸುವ ಸೆನ್ಸರ್ ಇರುತ್ತದೆ. ಉಚಿತ ಲಕ್ಸ್ ಮೀಟರ್ ಆ್ಯಪ್ ಹಾಕಿಕೊಂಡು ಒಂದೇ ಫೋನ್‌ನಲ್ಲಿ ಮನೆಯ ಬೇರೆ ಬೇರೆ ಜಾಗಗಳನ್ನು ಹೋಲಿಸಿ ನೋಡಿ. ಅಂಕಿ ತೀರಾ ಕರಾರುವಾಕ್ಕಲ್ಲ, ಆದರೆ ಕಿಟಕಿಗೂ ಟೀಪಾಯಿಗೂ ಇರುವ ಅಂತರ ಕಣ್ಣಿಗೆ ಕಟ್ಟುತ್ತದೆ.

ಗಿಡವೇ ಕೊಡುವ ಸೂಚನೆಗಳು

ಬೆಳಕು ಸಾಲದಿದ್ದರೆ ಗಿಡ ಅದನ್ನು ಹುಡುಕಿಕೊಂಡು ಉದ್ದ ಬೆಳೆಯುತ್ತದೆ. ಎಲೆಗಳ ನಡುವಿನ ಅಂತರ ಹೆಚ್ಚುತ್ತದೆ, ಗುಲಾಬಿ ಹೂವಿನಂತಿದ್ದ ಎಕೆವೇರಿಯಾ ಬಿಚ್ಚಿಕೊಂಡು ಎಲೆಗಳು ಕೆಳಗೆ ಬಾಗುತ್ತವೆ, ಬಣ್ಣ ಮಾಸುತ್ತದೆ. ಇದನ್ನು "ಚೆನ್ನಾಗಿ ಬೆಳೆಯುತ್ತಿದೆ" ಎಂದು ತಿಳಿಯುವುದು ಸಾಮಾನ್ಯ. ಉದ್ದವಾದ ಕಾಂಡ ಮತ್ತೆ ಗಿಡ್ಡ ಆಗುವುದಿಲ್ಲ. ತುದಿಯನ್ನು ಕತ್ತರಿಸಿ, ಗಾಯ ಒಣಗಲು ಕೆಲವು ದಿನ ಬಿಟ್ಟು, ಒಣ ಮಣ್ಣಿನಲ್ಲಿ ನೆಟ್ಟರೆ ಹೊಸ ಗಿಡವಾಗುತ್ತದೆ. ಒಂದೇ ಕಡೆ ವಾಲುತ್ತಿದ್ದರೆ ವಾರಕ್ಕೊಮ್ಮೆ ಕುಂಡವನ್ನು ಕಾಲು ಸುತ್ತು ತಿರುಗಿಸಿ.

ಬಿಸಿಲು ಹೆಚ್ಚಾದರೆ ಬಿಸಿಲು ತಾಗಿದ ಬದಿಯಲ್ಲಿ ಬಿಳಿಚಿದ ಅಥವಾ ಕಂದು ಕಲೆ ಬೀಳುತ್ತದೆ. ಈ ಕಲೆ ಮಾಯುವುದಿಲ್ಲ, ಆ ಎಲೆ ಇರುವವರೆಗೂ ಉಳಿಯುತ್ತದೆ. ಆದರೆ ಜೇಡ್ ಎಲೆಯ ಅಂಚು ಕೆಂಪಾಗುವುದು, ಲೋಳೆಸರ ಕೆಂಗಂದು ಬಣ್ಣಕ್ಕೆ ತಿರುಗುವುದು ಸುಟ್ಟ ಗಾಯವಲ್ಲ. ಬಿಸಿಲಿನಿಂದ ರಕ್ಷಿಸಿಕೊಳ್ಳಲು ಗಿಡ ತಯಾರಿಸುವ ಬಣ್ಣ ಅದು. ನೆರಳಿಗೆ ತಂದರೆ ಕೆಲವು ವಾರಗಳಲ್ಲಿ ಮತ್ತೆ ಹಸಿರಾಗುತ್ತದೆ.

ಸೊರಗಿದ ಗಿಡವನ್ನು ಕಂಡು ಮರುಕಪಟ್ಟು ಒಮ್ಮೆಲೇ ತಾರಸಿಯ ಬಿಸಿಲಿಗೆ ಇಡಬೇಡಿ. ಮಬ್ಬಿನಲ್ಲಿ ಬೆಳೆದ ಎಲೆಗೆ ಆ ರಕ್ಷಣೆ ಇರುವುದಿಲ್ಲ, ಒಂದೇ ಮಧ್ಯಾಹ್ನದಲ್ಲಿ ಸುಡಬಹುದು. ಮೊದಲ ಮೂರು ದಿನ ಹೊರಗಿನ ನೆರಳು, ನಂತರ ದಿನಕ್ಕೆ ಅರ್ಧ ಗಂಟೆ, ಒಂದು ಗಂಟೆ ಬೆಳಗಿನ ಬಿಸಿಲು, ಹೀಗೆ ಎರಡು ವಾರಗಳಲ್ಲಿ ಹೆಚ್ಚಿಸುತ್ತ ಹೋಗಿ. ನರ್ಸರಿಯಿಂದ ಹೊಸ ಗಿಡ ತಂದಾಗಲೂ ಇದೇ ಕ್ರಮ. ಅದು ಅಲ್ಲಿ ನೆರಳಿನ ಬಲೆಯಡಿ ಇತ್ತೇ, ಬಯಲಿನಲ್ಲಿತ್ತೇ ಎಂದು ಕೇಳಿಕೊಂಡು ಬನ್ನಿ.

ನಮ್ಮ ತೀರ್ಮಾನ

ಸಕ್ಯುಲೆಂಟ್‌ಗಳು ನೀರಿನ ಕೊರತೆಯನ್ನು ತಾಳುತ್ತವೆ. ಬೆಳಕಿನ ಕೊರತೆಯನ್ನು ಹೆಚ್ಚಿನವು ತಾಳುವುದಿಲ್ಲ. ಎಷ್ಟು ಬಿಸಿಲು ಎಂಬುದು ಗಿಡದ ಜಾತಿ, ನಿಮ್ಮ ಊರು, ತಿಂಗಳು ಮತ್ತು ಕಿಟಕಿಯ ಮೇಲೆ ನಿಂತಿದೆ. ಒಂದು ಸಾಲಿನ ಸಂದೇಶದಲ್ಲಿ ಇದನ್ನೆಲ್ಲ ಹೇಳಲು ಸಾಧ್ಯವಿಲ್ಲ. ರಾತ್ರಿ ಆಮ್ಲಜನಕ ಸಿಗುತ್ತದೆಂದು ಗಿಡವನ್ನು ಕತ್ತಲ ಮೂಲೆಯಲ್ಲಿಡುವುದರಿಂದ ಗಿಡಕ್ಕೂ ಒಳ್ಳೆಯದಲ್ಲ, ಮಲಗುವವರಿಗೂ ಪ್ರಯೋಜನವಿಲ್ಲ. ಮನೆಯಲ್ಲಿ ಯಾರಿಗಾದರೂ ಉಸಿರಾಟದ ತೊಂದರೆ ಇದ್ದರೆ ವೈದ್ಯರನ್ನು ಕಾಣಿ, ಕೋಣೆಗೆ ಗಾಳಿ ಬರುವಂತೆ ನೋಡಿಕೊಳ್ಳಿ. ಗಿಡವನ್ನು ಇಷ್ಟಪಟ್ಟು ಬೆಳೆಸಿ, ಔಷಧಿ ಎಂದು ಭಾವಿಸಬೇಡಿ.

ಇಂಥ ಸಂದೇಶ ಮತ್ತೆ ಬಂದಾಗ ಮುಂದೆ ಕಳಿಸುವ ಮೊದಲು ಎರಡು ಪ್ರಶ್ನೆ ಕೇಳಿ: ಇದು ಯಾವ ಗಿಡದ ಬಗ್ಗೆ? ಯಾವ ಊರಿನ ಬಿಸಿಲಿನ ಬಗ್ಗೆ? ಎರಡಕ್ಕೂ ಉತ್ತರ ಇಲ್ಲದಿದ್ದರೆ ಆ ಸಂದೇಶ ನಿಮ್ಮಲ್ಲೇ ನಿಲ್ಲಲಿ.